ಕೂಸು ಸುಮ್ಮನಾದ ಹೆಸರು

ಪುಟ್ಟಬಸವಯ್ಯ ಸತ್ತ ಹನ್ನೊಂದು ತಿಂಗಳಿಗೆ ಮೊಮ್ಮಗ ಹುಟ್ಟಿದ. ಮೂರನೇ ದಿನ ಪುಟ್ಟಬಸವಯ್ಯನ ಅಕ್ಕ ಚಿಕ್ಕತಾಯಮ್ಮ ಬಂದು, ಬಟ್ಟೆ ಸರಿಸಿ ಕೂಸಿನ ಎಡಗೈ ಹಿಡಿದು ನೋಡಿದವಳೇ, "ಬಂದವ್ನೆ ಕಣಮ್ಮಿ ನನ್ ತಮ್ಮ! ಕಿರುಬೆರಳು ನೋಡು, ಅದೇ ಸೊಟ್ಟ!" ಎಂದು ಹೆಮ್ಮರಗಾಲದ ಆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಬಾಣಂತಿಗೆ ನೀರು ಕಾಯಿಸುತ್ತಿದ್ದ ಮಂಗಳಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. ಆ ಸೊಟ್ಟ ಬೆರಳಿನ ಕೈಯಿಂದ ಮೂವತ್ತೊಂದು ವರ್ಷ ಏಟು ತಿಂದವಳು ಅವಳು. ಗಂಡ ಸತ್ತ ದಿನ ಅತ್ತಿದ್ದಳು, ಸುಳ್ಳಲ್ಲ. ಆದರೆ ಮದುವೆಯಾದ ಮೇಲೆ ಮೈ ಸಡಿಲ ಬಿಟ್ಟು ಮಲಗಿದ್ದೂ ಆ ದಿನವೇ ಮೊದಲು. ಈಗ ಮತ್ತೆ ಬಂದನೇ?

ಅಲ್ಲಿಂದಾಚೆಗೆ ಕೂಸಿನ ಬಟ್ಟೆ ಒಗೆದಳು, ಸಾಂಬ್ರಾಣಿ ಹೊಗೆ ಹಾಕಿದಳು, ಸೊಸೆ ಕವನಳಿಗೆ ಬಾಣಂತಿ ಖಾರ ಕುಟ್ಟಿದಳು. ಕೂಸನ್ನು ಮಾತ್ರ ಎತ್ತಲಿಲ್ಲ. ಯಾರಾದರೂ ಮಡಿಲಿಗೆ ಕೊಡಲು ಬಂದರೆ "ಕೈ ಒದ್ದೆ ಅದೆ" ಅನ್ನುವಳು. ಮೂರು ತಿಂಗಳಾದರೂ ಅವಳ ಕೈ ಒಣಗಲೇ ಇಲ್ಲ.

ಮಗ ಪ್ರೇಮ್‌ಕುಮಾರ್ ನಂಜನಗೂಡಿನ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ತಾಯಿಯ ಮೋರೆ ನೋಡಿಯೇ ಅವನಿಗೆ ತಿಳಿಯಿತು.

"ಅವ್ವಾ, ಇದು ಜೀನ್ ಅಷ್ಟೆ. ಅಪ್ಪನಿಂದ ನಂಗೆ ಬಂತು, ನನ್ನಿಂದ ಇವನಿಗೆ. ನನ್ ಬೆರಳೂ ಸೊಟ್ಟ ತಾನೆ?"

"ನೀ ಉಟ್ದಾಗ ಅವ್ರು ಬದುಕಿದ್ರು ಕಣಪ್ಪಾ. ಬತ್ತೀನಿ ಅಂದ್ರೂ ಎಂಗ್ ಬಂದಾರು?"

ಮಗನಿಗೆ ನಗು ಬಂತು. ಅವಳು ನಗಲಿಲ್ಲ. "ಬೆರಳು ಬುಡು. ಕ್ವಾಪ? ಅದೂ ಅದ್ರಲ್ಲೇ ಬತ್ತದಾ?"

ಅವನು ತಡವರಿಸಿದ. "ಒಂದಿಷ್ಟು ಬರಬೋದು ಅವ್ವಾ. ಬಂದೇ ಬತ್ತದೆ ಅನ್ನಕಾಗಲ್ಲ, ಬರಲ್ಲ ಅನ್ನಕೂ ಆಗಲ್ಲ."

ಒಂದು ಸುಳ್ಳು ಹೇಳಿದ್ದರೆ ಅವಳಿಗೆ ನಿರಾಳವಾಗುತ್ತಿತ್ತು. ಮೇಷ್ಟ್ರಲ್ಲವೇ, ಹೇಳಲಿಲ್ಲ.

ಆ ಮನೆಯವರು ಬುದ್ಧನಿಗೆ ಶರಣಾಗಿ ಹದಿನೈದು ವರ್ಷ ಕಳೆದಿತ್ತು. ಹುಣ್ಣಿಮೆಯ ದಿನ ಹೆಸರಿಡಲು ಬೌದ್ಧ ಭಿಕ್ಕು ಭಂತೇಜಿ ಬರುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ, ಯಾರಿಗೂ ಹೇಳದೆ, ಮಂಗಳಮ್ಮ ಎರಡು ಬಸ್ಸು ಹಿಡಿದು ತಿ. ನರಸೀಪುರದ ವಿಹಾರಕ್ಕೆ ಹೋದಳು. ಭಂತೇಜಿ ಅಲ್ಲೇ ಹತ್ತಿರದ ಸೋಸಲೆಯ ಕಡೆಯವರು, ಮಾತೂ ಈ ಸೀಮೆಯದೇ. ಅಂಗಳ ಗುಡಿಸುತ್ತಿದ್ದವರು ಪೊರಕೆ ಗೋಡೆಗೊರಗಿಸಿ, ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಇಲ್ಲಿಂದೆದ್ದು ಅಲ್ಲಿಗೋಗಿ ಕೂರಕ್ಕೆ ಒಳಗೆ ಒಬ್ಬ ಅಂತ ಇಲ್ಲ ತಾಯಿ," ಎಂದರು. "ನಿನ್ನೆ ಮೊಸರಲ್ಲಿ ಒಂದು ಚಮಚ ತಗಂಡು ಇವತ್ತಿನ ಹಾಲಿಗೆ ಹೆಪ್ಪು ಹಾಕ್ತೀಯಲ್ಲ. ಇವತ್ತಿಂದು ನಿನ್ನೆ ಮೊಸರೇನಾ?"

ಮಂಗಳಮ್ಮ ದಿನಾ ಹೆಪ್ಪು ಹಾಕುವವಳು. "ನಿನ್ನೇದು ಉಳಿ ಆಗಿದ್ರೆ ಇವತ್ತಿಂದೂ ಉಳಿನೇ ಭಂತೇಜಿ."

ಭಂತೇಜಿ ಜೋರಾಗಿ ನಕ್ಕುಬಿಟ್ಟರು. ಆಮೇಲೆ ನಗು ಇಳಿಸಿ, "ಅದೂ ನಿಜ," ಎಂದರು. "ಆದ್ರೆ ಹಾಲು ಎಷ್ಟು ಬಿಸಿ, ಎಲ್ಲಿ ಮಡಗಿದೆ, ಎಷ್ಟೊತ್ತು ಬಿಟ್ಟೆ, ಇವೂ ಅದಾವಲ್ಲ. ಆ ಕೂಸು ಬರೋವಾಗ ಏನ್ ತಂದದೋ ನಂಗೂ ಕಾಣದು. ಇನ್ಮುಂದೆ ಏನ್ ಕೊಡ್ತೀವಿ ಅನ್ನೋದು ಕಾಣ್ತದೆ."

ಅವಳು ಮೂರು ಸಲ ಬಾಗಿ ವಂದಿಸಿ ಬಸ್ಸು ಹತ್ತಿದಳು. ಮಾತು ಹಿತವಾಗಿತ್ತು. ಆದರೆ ದಾರಿಯುದ್ದಕ್ಕೂ ಯೋಚಿಸಿದ್ದು ಒಂದೇ: ಕೊಡಲು ನನ್ನಲ್ಲಿ ಇನ್ನೇನು ಉಳಿದಿದೆ?

ಹುಣ್ಣಿಮೆಯ ಬೆಳಗ್ಗೆ ಎಲ್ಲರೂ ಪಂಚಶೀಲ ಹೇಳಿದ್ದಾಯಿತು. ಭಂತೇಜಿ ಕೂಸಿನ ಕೈಗೆ ಬಿಳಿ ದಾರ ಕಟ್ಟಿ, ಮಗ ಸೊಸೆ ಆರಿಸಿದ್ದ, ಬುದ್ಧನದೇ ಆದ 'ಸುಗತ' ಎಂಬ ಹೆಸರನ್ನು ಮೂರು ಸಲ ಹೇಳಿದರು. ಜನ ಏಳುವಷ್ಟರಲ್ಲಿ ಚಿಕ್ಕತಾಯಮ್ಮ ಎದ್ದು ನಿಂತಳು.

"ಅದು ಇಸ್ಕೂಲಿನ ಎಸ್ರಾಯ್ತು. ಮನೆ ಎಸ್ರು? ಯಾರು ಬಂದವ್ರೆ ಅಂತ ಕೇಳಬ್ಯಾಡ್ವಾ?"

ಆ ಮನೆತನದ ಹಳೆಯ ಪದ್ಧತಿ ಅದು. ಅಳುವ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ, ಸತ್ತ ಹಿರಿಯರ ಹೆಸರನ್ನು ಒಂದೊಂದಾಗಿ ಕೂಗಬೇಕು. ಯಾವ ಹೆಸರಿಗೆ ಅಳು ನಿಲ್ಲುವುದೋ ಅವರೇ ಬಂದಿದ್ದಾರೆಂದು ಲೆಕ್ಕ.

"ಅತ್ತೆ, ನಾವೀಗ ಬೌದ್ಧರು," ಎಂದ ಪ್ರೇಮ್‌ಕುಮಾರ್.

"ಬುದ್ಧ ಬ್ಯಾಡ ಅಂದವ್ನಾ? ಕೇಳು, ಇಲ್ಲೇ ಕುಂತವ್ರಲ್ಲ!"

ಅಷ್ಟರಲ್ಲಿ ಕೂಸು ಮಂಗಳಮ್ಮನ ಮಡಿಲಿಗೆ ಬಂದೇಬಿಟ್ಟಿತು. ಅಷ್ಟು ಜನರೆದುರು ಕೈ ಒದ್ದೆ ಅನ್ನಲಾಗಲಿಲ್ಲ. ಹಸಿದ ಕೂಸು ಕಿರುಚುತ್ತಿತ್ತು. ಅವಳು ಬೇರೆಲ್ಲೋ ನೋಡುತ್ತ ತೊಡೆ ಆಡಿಸತೊಡಗಿದಳು.

"ಉಚ್ಚಯ್ಯಾ!" ಚಿಕ್ಕತಾಯಮ್ಮ ಮೊದಲು ತನ್ನಪ್ಪ ಹುಚ್ಚಯ್ಯನ ಹೆಸರು ಕೂಗಿದಳು. ಅಳು ನಿಲ್ಲಲಿಲ್ಲ. ಇನ್ನಿಬ್ಬರ ಹೆಸರಿಗೂ ನಿಲ್ಲಲಿಲ್ಲ.

"ಪುಟ್ಟಬಸವಯ್ಯಾ!"

ಕೂಸು ಗಪ್ಪನೆ ಸುಮ್ಮನಾಯಿತು.

"ನೋಡುದ್ರಾ!" ಚಿಕ್ಕತಾಯಮ್ಮನ ಕಣ್ಣಲ್ಲಿ ನೀರು. ಹೆಂಗಸರೆಲ್ಲ ಮುಂದೆ ಬಾಗಿದರು. ಮಂಗಳಮ್ಮ ಕೂಸಿನ ಮುಖ ನೋಡಿದಳು. ಅದು ಕಣ್ಣರಳಿಸಿ ಅವಳನ್ನೇ ನೋಡುತ್ತಿತ್ತು, ಏನೋ ಕೇಳುವಂತೆ. ಆಗ ಅವಳಿಗೆ ಅರಿವಾಯಿತು: ತನ್ನ ತೊಡೆ ನಿಂತುಹೋಗಿತ್ತು. ಉಸಿರೂ ನಿಂತಿತ್ತು. ಏಟು ಬೀಳುವ ಮುಂಚೆ ಏರುವಂತೆ ಭುಜಗಳು ಕಿವಿಯವರೆಗೆ ಏರಿದ್ದವು.

"ಅತ್ಗೆ, ಇನ್ನೊಂದ್ ಸಲ ಕೂಗಿ."

"ಯಾಕಮ್ಮಿ, ಬಂದಾಯ್ತಲ್ಲ."

"ಕೂಗಿ ಅತ್ಗೆ."

ಅವಳು ಹಲ್ಲು ಕಚ್ಚಿ ತೊಡೆ ಆಡಿಸಿದಳು. ಕೂಸು ಮತ್ತೆ ಅಳು ಶುರು ಮಾಡಿತು. ಚಿಕ್ಕತಾಯಮ್ಮ ಕೂಗಿದಳು. ಅಳು ನಿಲ್ಲಲಿಲ್ಲ. ಗಂಟಲು ಬಿರಿಯುವಂತೆ ಮತ್ತೊಮ್ಮೆ ಕೂಗಿದಳು. ಆಗಲೂ ಇಲ್ಲ.

"ಕೂಸು ತಾನಾಗಿ ನಿಲ್ಸಲಿಲ್ಲ ಅತ್ಗೆ. ನಾನು ನಿಂತೆ, ಅದ್ಕೆ ಅದೂ ನಿಲ್ಸ್ತು," ಎಂದಳು ಮಂಗಳಮ್ಮ. ದನಿ ಏರಲಿಲ್ಲ, ಏರಿಸುವ ತ್ರಾಣವೂ ಇರಲಿಲ್ಲ. "ಆ ಎಸ್ರು ಕೇಳುದ್ರೆ ನನ್ ಮೈ ನಿಂತೋಯ್ತದೆ. ಅವ್ರು ಉಳ್ಕಂಡಿರಾದು ನನ್ ಮೈಯಲ್ಲಿ. ಈ ಕೂಸಲ್ಲಿ ಅಲ್ಲ."

ಪ್ರೇಮ್‌ಕುಮಾರ್ ತಲೆ ತಗ್ಗಿಸಿದ. ಚಿಕ್ಕತಾಯಮ್ಮ ನಿಧಾನವಾಗಿ ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ನೂ ನಮ್ಮಪ್ಪನ ಕೈಲಿ ಏಟು ತಿಂದು ತಿಂದೇ ಬೆಳೆದೋನು ಕಣಮ್ಮಿ," ಎಂದಳು. "ನಂಗೆ ಅವ್ನ ನೋಡ್ಬೇಕಿತ್ತು. ಅಷ್ಟೆಯಾ."

"ಗೊತ್ತು ಅತ್ಗೆ."

ಕವನ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. "ಕೊಡಿ ಅತ್ತೆ, ಹಾಲು ಕುಡಿಸ್ತೀನಿ. ನಿಮಗೆ ಸುಸ್ತಾಗಿದೆ."

"ಆಗ್ಯದೆ," ಎಂದಳು ಮಂಗಳಮ್ಮ. "ಒಂದ್ ಗಳಿಗೆ ಇರ್ಲಿ ಬುಡು."

ಅವಳು ಬಾಗಿ ಕೂಸಿನ ಕಿವಿಯಲ್ಲಿ "ಸುಗತಾ" ಎಂದಳು. ಆ ಹೆಸರಿಗೂ ಅದು ಸುಮ್ಮನಾಗಲಿಲ್ಲ. ಅವಳು ತೊಡೆ ಆಡಿಸುತ್ತಲೇ ಇದ್ದಳು.