ಅಪ್ಪನ ಕಲ್ಲಿನ ಕೊನೆಯ ಸಾಲು

ಅವಳು ಮೊದಲು ಕಲ್ಲಿನ ಮೇಲಿನ ಪುಡಿಯನ್ನು ಒಣ ಬ್ರಷ್ಷಿನಿಂದ ಗುಡಿಸಿದಳು. ಅಕ್ಷರದ ಗುಳಿಗಳೊಳಗೆ ಬಾಯಿಂದ ಊದಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಆರುವ ತನಕ ಕಪ್ಪು ಬಣ್ಣದ ಡಬ್ಬಿಯನ್ನು ಕಡ್ಡಿಯಿಂದ ಕಲಕುತ್ತ ಕೂತಳು. ಶೆಡ್ಡಿನ ಆ ತುದಿಯಲ್ಲಿ ಅಣ್ಣ ಉಳಿಗಳಿಗೆ ಸಾಣೆ ಹಿಡಿಯುತ್ತಿದ್ದ. ಕೆಲಸದ ಹೊತ್ತಿನಲ್ಲಿ ಅವರ ನಡುವೆ ಮಾತು ಮೊದಲೇ ಕಡಿಮೆ. ಇವತ್ತು ಮರದ ದಿಮ್ಮಿಗಳ ಮೇಲೆ ಮಲಗಿದ್ದದ್ದು ಅಪ್ಪನ ಕಲ್ಲು.

ಸಮಾಧಿ ಕಲ್ಲು ಕೊರೆಯುವುದು ಆ ಮನೆಯ ಕಸುಬು. ಅಪ್ಪ ಕೊರೆಯುತ್ತಿದ್ದ, ಈಗ ಅಣ್ಣ ಕೊರೆಯುತ್ತಾನೆ, ಅವಳು ಬಣ್ಣ ತುಂಬುತ್ತಾಳೆ. ಏಳನೇ ತರಗತಿಗೆ ಶಾಲೆ ಬಿಟ್ಟಂದಿನಿಂದ ಅದೇ ಕೆಲಸ. ಎಡಗೈಯವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಎಡಚಿ. ಎಡಗೈ ಹಸಿ ಬಣ್ಣವನ್ನು ಸವರಿ ಕೆಡಿಸುತ್ತದೆಂದು, ಸಾಲಿನ ಕೊನೆಯ ಅಕ್ಷರದಿಂದ ಶುರು ಮಾಡಿ ಹಿಂದಕ್ಕೆ ಬರುವುದು ಅವಳ ರೂಢಿ. ಹಾಗೆ ಮಾಡಿದರೆ ಅಕ್ಷರ ಕಾಣುತ್ತದೆ, ಮಾತು ಕಾಣುವುದಿಲ್ಲ. ಎಷ್ಟೋ ಸಲ ಸತ್ತವರ ಹೆಸರು ಕೂಡ ಕಲ್ಲು ಗಾಡಿ ಏರಿದ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಇವತ್ತು ಓದಬೇಕಾದ್ದೇ ಇರಲಿಲ್ಲ. ಕೊನೆಯ ಸಾಲನ್ನು ಅಪ್ಪನೇ ಹಾಸಿಗೆಯಲ್ಲಿ ಮಲಗಿ ಹೇಳಿ ಬರೆಸಿದ್ದ: ‘ಕರೆ ಕೇಳಿ ಏಳುವ ತನಕ ಇಲ್ಲಿ ಮಲಗಿದ್ದಾನೆ.’ ಕಲ್ಲಿಗೆ ರಬ್ಬರ್ ಇಲ್ಲ ಎಂಬುದು ಅವನ ಹಳೆಯ ಮಾತು. ಮನೆಯವರು ಯಾರಾದರೂ ಗಟ್ಟಿಯಾಗಿ ಓದಿ ಹೂಂ ಅನ್ನದೆ ಅವನು ಯಾರ ಕಲ್ಲಿಗೂ ಉಳಿ ಇಟ್ಟವನಲ್ಲ. ಆ ದಿನ ಅಣ್ಣನಿಂದ ಎರಡು ಸಲ ಓದಿಸಿದ. ಅಣ್ಣ ಓದಿ, ಅಪ್ಪನ ಕೈ ಹಿಡಿದು, ಆಮೆನ್ ಅಂದಿದ್ದ.

ಕುಂಚ ಅದ್ದಿ ಸಾಲಿನ ಕೊನೆಗೆ ಬಂದಳು. ‘ಲ್ಲಿ’ ತುಂಬಿದಳು. ‘ಇಲ್ಲಿ’ ಅನ್ನುವುದನ್ನು ಅಣ್ಣ ಕೊನೆಗೆ ಹಾಕಿದನೇನೋ ಅಂದುಕೊಂಡಳು. ಅದರ ಹಿಂದೆ ‘ನ’ ಇತ್ತು. ಅದರ ಹಿಂದೆ ‘ಪಿ’. ಅವೆರಡನ್ನೂ ತುಂಬಿದ ಮೇಲೆ ಕುಂಚ ನಿಂತಿತು. ಅವಳು ಎದ್ದು ಕಲ್ಲಿನ ಎಡಗಡೆಗೆ ಹೋಗಿ, ಬೆರಳಿಟ್ಟು, ಮೊದಲಿನಿಂದ ಓದಿದಳು. ‘ಸದಾ ಬದುಕಿದ್ದಾನೆ ನಮ್ಮೆಲ್ಲರ ನೆನಪಿನಲ್ಲಿ.’

“ಅಣ್ಣಾ, ಕೊನೇ ಸಾಲು ಅಪ್ಪ ಹೇಳಿದ್ದಲ್ಲ.”

ಸಾಣೆಯ ಸದ್ದು ನಿಂತಿತು. “ಇಷ್ಟು ವರ್ಷದಲ್ಲಿ ನೀನು ಒಂದು ಕಲ್ಲನ್ನೂ ಓದಿದೋಳಲ್ಲ. ಇವತ್ತೇ ಓದ್ಬೇಕಿತ್ತಾ?”

“ಆಮೆನ್ ಅಂದಿದ್ದೆ ನೀನು.”

“ಅಂದಿದ್ದೆ. ಅಪ್ಪನ ಮುಖ ನೋಡ್ಕೊಂಡು ಇನ್ನೇನು ಅನ್ಲಿ?” ಅವನು ಉಳಿಯ ಮೊನೆಯನ್ನು ಉಗುರಿನ ಮೇಲೆ ಆಡಿಸಿ ನೋಡಿದ. “ನೋಡು, ಸಮಾಧಿ ಹತ್ರ ಎಲ್ಲಾ ಥರದ ಜನ ಬರ್ತಾರೆ. ಅಪ್ಪನ ಕಲ್ಲು ಅಂದ್ರೆ ನಮ್ಮ ಅಂಗಡಿ ಬೋರ್ಡ್ ಇದ್ದ ಹಾಗೆ. ದೇವರು ಕರೀತಾನೆ, ಸತ್ತೋರು ಏಳ್ತಾರೆ ಅಂತೆಲ್ಲ ಕೊರೆದ್ರೆ ನಂಬದೇ ಇರೋರು ಏನಂದ್ಕೋಬೇಕು? ಅವರವರ ಸತ್ಯ ಅವರವರಿಗೆ. ಈ ಸಾಲು ಆದ್ರೆ ಯಾರಿಗೂ ಬೇಜಾರಾಗಲ್ಲ.”

“ಅಪ್ಪನಿಗೆ?”

ಅವನು ಉಳಿಯನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡ.

“ಯಾರು ಓದಿ ಹೂಂ ಅಂದ್ರು?”

“ನಾನು ಅಂದೆ.” ಅಮ್ಮ ಬಾಗಿಲಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದಳು. “ಈಗ ಅದನ್ನ ಇಟ್ಕೊಂಡು ರಾದ್ಧಾಂತ ಮಾಡ್ಬೇಡ. ಏಳ್ತಾರೆ ಅಂತ ಓದಿದಾಗೆಲ್ಲ ನಂಗೆ ಎದೆ ಹಿಡ್ಕೊಳ್ಳುತ್ತೆ. ನೆನಪು ಅಂದ್ರೆ ಸಮಾಧಾನ. ಅಲ್ಲದೆ ಪಾಸ್ಟರೇ ಬರೆದುಕೊಟ್ಟ ಸಾಲು ಅದು. ಅವರಿಗಿಂತ ತಿಳಿದೋಳಾ ನೀನು?”

ಪಾಸ್ಟರ್ ಎಂಬ ಮಾತು ಕೇಳಿ ಅವಳಿಗೆ ಸ್ವಲ್ಪ ಉಸಿರು ಬಂತು. ಹಾಗಾದರೆ ಎಲ್ಲೋ ಎಡವಟ್ಟಾಗಿದೆ. ಬೇರೆ ಯಾರದೋ ಕಲ್ಲಿಗೆ ಬರೆದುಕೊಟ್ಟದ್ದನ್ನು ಇವರು ಇಲ್ಲಿ ಕೊರೆದಿರಬೇಕು. ಓದು ತಡವರಿಸುತ್ತಿದ್ದ ಅವಳಿಗೆ ಬೈಬಲ್ಲಿನ ಒಂದೊಂದೇ ವಚನ ಬಾಯಿಪಾಠ ಮಾಡಿಸಿದವರು ಅವರು. ಅಪ್ಪನ ಹಾಸಿಗೆಯ ಪಕ್ಕ ಒಂದು ದಿನವೂ ತಪ್ಪದೆ ಬಂದು ಕೂತವರು. ಕಲ್ಲು ನೋಡಲು ನಾಲ್ಕು ಗಂಟೆಗೆ ಬರುತ್ತೇನೆಂದಿದ್ದರು. ಅವಳು ಕುಂಚವನ್ನು ಟರ್ಪೆಂಟೈನಿನಲ್ಲಿ ನಿಲ್ಲಿಸಿ ಕಾದಳು.

ಪಾಸ್ಟರ್ ಬಂದವರೇ ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಏನು ಕೈ ಮಾರಾಯ ನಿಂದು! ಅಪ್ಪನನ್ನೇ ಮೀರಿಸಿಬಿಟ್ಟೆ,” ಎಂದು ಅಣ್ಣನ ಬೆನ್ನು ತಟ್ಟಿದರು. “ಎಡಚಿ, ಬಣ್ಣ ಯಾಕೆ ಮೂರೇ ಅಕ್ಷರಕ್ಕೆ ನಿಂತಿದೆ?”

“ಈ ಸಾಲು ನೀವು ಬರೆದದ್ದಾ?”

“ಹೌದಮ್ಮ. ಯಾಕೆ, ತಪ್ಪಾಗಿದ್ಯಾ?”

“ಅಪ್ಪ ಏಳ್ತಾನೆ ಅಂತ ಇರ್ಬೇಕಿತ್ತು.”

ಪಾಸ್ಟರ್ ನಕ್ಕರು. ಅದು ಕೆಟ್ಟ ನಗುವಲ್ಲ. ಚಿಕ್ಕವರ ಪ್ರಶ್ನೆಗೆ ನಗುವ ನಗು. “ಎರಡೂ ಒಂದೇ ಅಲ್ವಾ? ಏಳೋದು ಅಂದ್ರೆ ನಮ್ಮೊಳಗೆ ಏಳೋದು. ಅವರ ಒಳ್ಳೆತನ ನಮ್ಮಲ್ಲಿ ಏಳೋದು. ನಿಮ್ಮಪ್ಪ ಅದನ್ನ ಅವರ ಭಾಷೇಲಿ ಹೇಳಿದ್ರು. ನಾನು ಎಲ್ಲರಿಗೂ ಒಪ್ಪೋ ಹಾಗೆ ಬರೆದೆ.”

“ಅಪ್ಪನ ಕಿವೀಲಿ ನೀವು ಹಾಗೆ ಹೇಳ್ಲಿಲ್ಲ.” ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. “ಇದೇ ಕೈ, ಇದೇ ಕಾಲು ಏಳುತ್ತೆ ಅಂದ್ರಿ. ಅಪ್ಪ ಕೈ ಎತ್ತಿ ನೋಡ್ಕೊಂಡ. ನಾನು ಬೇಸಿನ್ ಹಿಡ್ಕೊಂಡು ಅಲ್ಲೇ ನಿಂತಿದ್ದೆ.”

ಪಾಸ್ಟರ್ ಅಮ್ಮನ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ಸಾಯ್ತಿರೋರಿಗೆ ಧೈರ್ಯ ಬೇಕಲ್ಲಮ್ಮ. ಆ ಹೊತ್ತಲ್ಲಿ ಅವರಿಗೆ ಬೇಕಾದ್ದನ್ನ ಕೊಡ್ತೀವಿ,” ಅಂದರು.

“ಸುಮ್ನಿರೇ,” ಎಂದು ಅಮ್ಮ ಅವಳ ತೋಳು ಹಿಡಿದಳು. “ಹತ್ತು ಜನರ ಎದುರು ಬಾಯಿ ಬಿಡದೋಳು, ಇವತ್ತು ಪಾಸ್ಟರ್ ಜೊತೆ ವಾದಕ್ಕೆ ನಿಂತಿದ್ದಾಳೆ.”

ಅವಳು ತೋಳು ಬಿಡಿಸಿಕೊಂಡಳು. ಅಪ್ಪ ಕೈಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ, ‘ಇದೇ ಕೈಯಂತೆ ಕಣೇ’ ಎಂದು ಅವಳಿಗೆ ತೋರಿಸಿದ್ದ. ಆ ಮಾತನ್ನು ಹಿಡಿದುಕೊಂಡೇ ಹೋದ. ಹಿಡಿದುಕೊಳ್ಳಲು ಕೊಟ್ಟವರ ಕೈಯಲ್ಲಿ ಅದು ಇರಲೇ ಇಲ್ಲ. ತನಗೆ ಬಾಯಿಪಾಠ ಮಾಡಿಸಿದ್ದೂ ಹೀಗೆಯೋ, ಹೆದರಿದ ಮಗುವಿನ ಬಾಯಿಗೆ ಬೆಲ್ಲ ಇಟ್ಟ ಹಾಗೋ ಎಂದು ಯೋಚಿಸಿದಳು. ಆದರೂ, ನಿಂತ ಕಡೆಯೇ ಒಳಗೊಳಗೆ, ಸತ್ತವರು ಏಳುವರೆಂದು ಅವರು ಕಲಿಸಿದ್ದ ವಚನವನ್ನು ಹೇಳಿಕೊಂಡು ನೋಡಿದಳು. ಒಂದು ಮಾತೂ ಅಲುಗಿರಲಿಲ್ಲ. ಅಂಚೆಯವನು ನಂಬದಿದ್ದ ಮಾತ್ರಕ್ಕೆ ಕಾಗದದಲ್ಲಿ ಬರೆದದ್ದು ಬದಲಾಗುವುದಿಲ್ಲ.

ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯ ಚೂರಿನಿಂದ ಮೂರು ಅಕ್ಷರಗಳ ಬಣ್ಣವನ್ನು ಒರೆಸಿ ತೆಗೆದಳು. ಡಬ್ಬಿಯ ಮುಚ್ಚಳ ಹಾಕಿದಳು. ಅಣ್ಣ ಸಾಣೆ ಹಿಡಿದಿಟ್ಟಿದ್ದ ಉಳಿಗಳಲ್ಲಿ ಸಣ್ಣದನ್ನೊಂದು ಆರಿಸಿಕೊಂಡಳು. ಒಡೆದ ಚೂರುಗಳ ಮೇಲಲ್ಲದೆ ಅವಳು ಯಾವತ್ತೂ ಕೊರೆದಿರಲಿಲ್ಲ. ಕಲ್ಲಿನ ಹಿಂಬದಿ ಖಾಲಿ ಇತ್ತು, ನಯವಾಗಿತ್ತು. ಉಳಿಯನ್ನು ದಿಮ್ಮಿಯ ಪಕ್ಕ ಇಟ್ಟು, ಎರಡೂ ಅಂಗೈಗಳನ್ನು ಕಲ್ಲಿನ ಅಂಚಿನ ಕೆಳಗೆ ತೂರಿಸಿ ನಿಂತಳು.

“ಅಣ್ಣಾ, ಆ ಕಡೆ ಹಿಡಿ. ಇದನ್ನ ಮಗುಚಬೇಕು. ಅಪ್ಪ ಹೇಳಿದ ಸಾಲು ಹಿಂದೆ ಕೊರೀತೀನಿ.”

ಅಣ್ಣ ಸಾಣೆಕಲ್ಲಿನ ಮೇಲಿನ ನೀರನ್ನು ಬೆರಳಿನಿಂದ ಬಳಿಯುತ್ತಿದ್ದ. ಅಮ್ಮ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಪಾಸ್ಟರ್ ಅಂಗಿಯ ತೋಳಿಗೆ ಹತ್ತಿದ ಬಿಳಿ ಪುಡಿಯನ್ನು ಕೊಡವಿಕೊಳ್ಳುತ್ತಿದ್ದರು.

“ಒಬ್ಬಳಿಂದ ಆಗಲ್ಲ,” ಅಂದಳು ಅವಳು. “ಯಾರಾದ್ರೂ ಹಿಡೀರಿ.”