ಕಾಣದ ಚುಕ್ಕೆಗೂ ಗುಂಡಿ ಒತ್ತಿದವನು

ಆ ಲಕೋಟೆ ಬಂದ ದಿನದಿಂದ ಡ್ರೈವರಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಸ್ಸು ಬಿಟ್ಟು ನಾಲ್ಕು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವನು ಇನ್ನೂ ಡ್ರೈವರಣ್ಣನೇ. ಅಂಗವಿಕಲರ ಮಾಸಾಶನದ ಕಚೇರಿಯಿಂದ ಬಂದಿದ್ದ ಆ ಕಾಗದವನ್ನು ಅವನು ಕಿಟಕಿಯ ಬಳಿ ನಿಂತು, ಕನ್ನಡಕವೂ ಇಲ್ಲದೆ, ತಾನೇ ಓದಿದ್ದ. ‘ತಮ್ಮ ದೃಷ್ಟಿಯಲ್ಲಿ ಯಾವ ದೋಷವೂ ಇಲ್ಲವೆಂದು ದೂರು ಬಂದಿರುತ್ತದೆ. ಹದಿನೆಂಟನೇ ತಾರೀಖು ಮರುಪರೀಕ್ಷೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮಾಸಾಶನವನ್ನು ನಿಲ್ಲಿಸಲಾಗುವುದು.’

ಓದಿ ಮುಗಿಸಿ ತಿರುಗಿದವನು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡ.

ಅವನ ಕಾಯಿಲೆಯೇ ಅಂಥದ್ದು. ನಡುವಿನ ನೋಟ ಗಟ್ಟಿಯಾಗಿತ್ತು. ಸುತ್ತಲಿನದು ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ, ಕೊಳವೆಯೊಳಗಿಂದ ಲೋಕ ನೋಡಿದಂತಾಗಿತ್ತು. ಪತ್ರಿಕೆಯ ಸಣ್ಣ ಅಕ್ಷರ ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಮನುಷ್ಯ ಕಾಣುತ್ತಿರಲಿಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಕಾಣುತ್ತಿತ್ತು, ಕಾಲ ಬುಡದ ಬಕೆಟ್ಟು ಕಾಣುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಬಲಗಡೆಯಿಂದ ಅಡ್ಡ ಬಂದ ಸೈಕಲ್ಲನ್ನು ಕಾಣದೆ, ಬಸ್ಸಿನ ತುಂಬ ಜನ ಕಿರುಚಿದ ಮೇಲೆ ಬ್ರೇಕು ತುಳಿದಿದ್ದ. ಸೈಕಲ್ಲಿನ ಹೆಂಗಸಿನ ಒಂದು ಕೂದಲೂ ಕೊಂಕಲಿಲ್ಲ. ಆದರೆ ಮರುದಿನ ಯಾರೂ ಕೇಳುವ ಮುಂಚೆ ತಾನೇ ಹೋಗಿ ಬಸ್ಸಿನ ಕೀಲಿ ಒಪ್ಪಿಸಿ ಬಂದಿದ್ದ. ಆಮೇಲೆ ಒಂದೂವರೆ ವರ್ಷ ಕಚೇರಿಯಿಂದ ಕಚೇರಿಗೆ ಅಲೆದು, ಚಪ್ಪಲಿ ಸವೆದ ಮೇಲೆ ಮಾಸಾಶನ ಮಂಜೂರಾಗಿತ್ತು.

ದೂರು ಕೊಟ್ಟವರು ಯಾರು? ಮೂಲೆಯ ಕ್ಷೌರದಂಗಡಿಯಲ್ಲಿ ದಿನವೂ ಪತ್ರಿಕೆ ಓದುತ್ತಿದ್ದನಲ್ಲ, ಅಲ್ಲಿ ಕಂಡವರೇ? ಎದುರುಮನೆಯ ಮೇಷ್ಟ್ರೇ? ಅವನು ಅಂಗಡಿಗೆ ಹೋಗುವುದನ್ನು ಬಿಟ್ಟ. ಪತ್ರಿಕೆ ಮನೆಗೆ ಬಂದರೂ ಬಾಗಿಲು ಹಾಕಿಕೊಂಡು, ಕದ್ದ ಮಾಲಿನಂತೆ ಓದಿದ. ಮುಂಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಮುಂಬಾಗಿಲಿಗೆ ಓಡಾಡಿದ.

“ಒಂದ್ಕಡೆ ಕೂತ್ಕೊಳ್ರೀ, ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ಸುತ್ತುತ್ತೆ,” ಎಂದಳು ಹೆಂಡತಿ. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕಿ ಬರುವವಳು.

ಸುದ್ದಿ ಕೇಳಿ ಅಕ್ಕನ ಗಂಡ ಬಂದ. ಕೇಳದವರಿಗೂ ಬುದ್ಧಿ ಹೇಳುವ ಭಾವ. ಜೇಬಿನಿಂದ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಇದು ಹಾಕ್ಕೊಂಡು ಗೋಡೆ ಸವರ್ಕೊಂಡು ಹೋಗು. ಅಕ್ಷರದ ಪಟ್ಟಿ ಓದಿಸ್ತಾರಲ್ಲ, ಎರಡನೇ ಸಾಲಿಗೇ ತಡವರಿಸು. ಅಳೋ ಮಗುಗೇ ಹಾಲು ಕಣಯ್ಯ!”

“ಇರೋ ಕುರುಡೇ ಸಾಕಾಗಿದೆ ಭಾವ, ಮೇಲೆ ಇನ್ನಷ್ಟು ಕುರುಡು ಎಲ್ಲಿಂದ ತರ್ಲಿ?”

ಹಾಗೆಂದವನೇ ಮರುದಿನ ಕನ್ನಡಕ ಹಾಕಿ ನಡುಮನೆಯಲ್ಲಿ ಗೋಡೆ ಸವರುತ್ತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದ. “ಏನ್ರೀ ಇದು, ಯಾವ ನಾಟಕ ಕಂಪನಿ?” ಎಂದು ಅವಳು ಬಿದ್ದು ಬಿದ್ದು ನಕ್ಕಳು. ಅವನಿಗೆ ನಗು ಬರಲಿಲ್ಲ. “ನಿಜ ಹೇಳಿದ್ರೆ ಅವ್ರು ನಂಬಲ್ಲ. ಸುಳ್ಳು ಹೇಳೋಕೆ ನಂಗೆ ಬರಲ್ಲ. ಏನ್ಮಾಡ್ಲಿ ಹೇಳು,” ಎಂದ.

ಹದಿನೆಂಟನೇ ತಾರೀಖು ಅವಳು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಕನ್ನಡಕ ಮನೆಯಲ್ಲೇ ಉಳಿಯಿತು. ಆಸ್ಪತ್ರೆಯ ಬೆಂಚಿನಲ್ಲಿ ಮೂರು ಗಂಟೆ ಕಾಯಿಸಿದ ಮೇಲೆ ಒಳಗೆ ಕರೆದರು. ತಡವರಿಸಲೋ ಬೇಡವೋ ಎಂದು ಅವನು ಕೊನೆಯ ಗಳಿಗೆಯವರೆಗೂ ತೂಗುತ್ತಿದ್ದ. ಆದರೆ ಅಕ್ಷರಗಳು ಎದುರಿಗೆ ಬಂದಾಗ, ದೂರದ ಬೋರ್ಡುಗಳನ್ನು ಎಲ್ಲರಿಗಿಂತ ಮೊದಲು ಓದಿ ಅಭ್ಯಾಸವಾದ ನಾಲಿಗೆ ಸುಮ್ಮನಿರಲಿಲ್ಲ. ಕೊನೆಯ ಸಾಲನ್ನೂ ಒಂದೇ ಉಸಿರಿಗೆ ಓದಿಬಿಟ್ಟ.

“ನನಗಿಂತ ಚೆನ್ನಾಗಿ ಓದ್ತೀರಲ್ರೀ! ಇನ್ನೇನಿದೆ?” ಎಂದರು ಡಾಕ್ಟರು. ಪೆನ್ನು ಕಾಗದಕ್ಕೆ ತಾಗಿತು.

“ಸಾರ್, ಒಂದ್ನಿಮಿಷ,” ಎಂದಳು ಹೆಂಡತಿ. “ನೀವು ಪಕ್ಕಕ್ಕೆ ಕೈ ಚಾಚಿ, ಎಷ್ಟು ಬೆರಳು ಅಂತ ಕೇಳಿ ನೋಡಿ.”

ಡಾಕ್ಟರು ಒಲ್ಲದ ಮನಸ್ಸಿನಿಂದ ಕೈ ಚಾಚಿದರು.

“ಕೈ ಚಾಚಿದ್ರಾ ಸಾರ್?” ಎಂದು ಕೇಳಿದ ಡ್ರೈವರಣ್ಣ.

ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದ ನೋಟ ಅಳೆಯುವ ಮಿಷನ್ನು ಮಹಡಿಯ ಮೇಲಿದೆ, ಅದಕ್ಕೆ ಬೇರೆ ಅರ್ಜಿ ಬರೆದುಕೊಡಬೇಕು ಎಂದರು. ಅವನು ಅಲ್ಲೇ ಕೂತು ಬರೆದುಕೊಟ್ಟ. ಅದನ್ನು ತೆಗೆದುಕೊಂಡ ಗುಮಾಸ್ತ ಹುಬ್ಬೇರಿಸಿದ. “ಮುತ್ತು ಪೋಣಿಸಿದ ಹಾಗಿದೆ ಅಕ್ಷರ. ಕಣ್ಣು ಕಾಣಲ್ಲ ಅಂತ ಬೇರೆ ಬರೆದಿದೀರಿ!”

ಮಹಡಿಯ ಕೋಣೆಯಲ್ಲಿ ಮಿಷನ್ನಿನ ಹುಡುಗಿ ಅವನ ಗಲ್ಲವನ್ನು ಒಂದು ಬಟ್ಟಲಿನಂಥ ಆಸರೆಗೆ ಕೂರಿಸಿ, ಕೈಗೆ ಗುಂಡಿ ಕೊಟ್ಟಳು. “ನಡುವಿನ ದೀಪಾನೇ ನೋಡ್ತಿರಿ. ಸುತ್ತ ಎಲ್ಲಾದ್ರೂ ಚುಕ್ಕೆ ಹೊಳೆದ್ರೆ ಒತ್ತಿ. ಕಾಣದಿದ್ರೆ ಸುಮ್ನಿರಿ.”

ಮೊದಲು ಎರಡು ಚುಕ್ಕೆ ಹೊಳೆದವು. ಒತ್ತಿದ. ಆಮೇಲೆ ಏನೂ ಇಲ್ಲ. ಮಿಷನ್ನು ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಒಂದೊಂದು ಟಿಕ್ಕಿಗೂ ಎಲ್ಲೋ ಒಂದು ಚುಕ್ಕೆ ಹೊಳೆದು ಆರುತ್ತಿದೆ, ತನಗೆ ಕಾಣುತ್ತಿಲ್ಲ. ಮಾಸಾಶನ ಮಂಜೂರಾಗುವ ಮುಂಚೆ ಇದೇ ಪರೀಕ್ಷೆ ಮಾಡಿದಾಗ ಇಷ್ಟೊಂದು ಮೌನವಿರಲಿಲ್ಲ. ಎಷ್ಟು ಹೊತ್ತು ಹೀಗೆ ಕಲ್ಲಿನಂತೆ ಕೂರುವುದು? ಹುಡುಗಿ ಏನಂದುಕೊಂಡಾಳು? ಹೆಬ್ಬೆರಳು ತಾನಾಗಿ ಒತ್ತಿತು. ಇನ್ನೊಮ್ಮೆ ಒತ್ತಿತು. ಆಮೇಲೆ ಟಿಕ್ ಎಂದಾಗಲೆಲ್ಲ ಒತ್ತಿದ.

ಹುಡುಗಿ ಮಿಷನ್ನು ನಿಲ್ಲಿಸಿದಳು. “ಅಂಕಲ್, ಆಗಾಗ ಚುಕ್ಕೆನೇ ಇಲ್ದೆ ಬರೀ ಸದ್ದು ಮಾಡುತ್ತೆ ಇದು. ಅದಕ್ಕೂ ಒತ್ತಿದೀರಿ. ಕಾಣ್ದೇ ಇರೋ ಹಾಗೆ ನಟಿಸೋರನ್ನ ದಿನಾ ನೋಡ್ತೀನಿ. ಕಾಣೋ ಹಾಗೆ ನಟಿಸೋರನ್ನ ನೋಡಿದ್ದು ಇದೇ ಮೊದಲು.”

ಅವನ ಮುಖ ಕಿವಿಯವರೆಗೆ ಕೆಂಪಾಯಿತು. “ಇನ್ನೊಂದ್ಸಲ ಮಾಡಮ್ಮ. ಈ ಸಲ ಸುಮ್ನಿರ್ತೀನಿ,” ಎಂದ. ಸುಮ್ಮನಿದ್ದ. ಹದಿನೈದು ನಿಮಿಷದಲ್ಲಿ ಆರೇ ಸಲ ಒತ್ತಿದ.

ಮಿಷನ್ನಿನಿಂದ ಬಂದ ಹಾಳೆ ಬಹುಪಾಲು ಕಪ್ಪಾಗಿತ್ತು. ನಡುವೆ ಅಂಗಿಯ ಗುಂಡಿಯಷ್ಟು ಬಿಳಿ. ಡಾಕ್ಟರು ಅದನ್ನು ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿದರು. ನೋಟ ಅರ್ಧಕ್ಕರ್ಧ ಕುಗ್ಗಿತ್ತು. ಅವರು ಏನೂ ಜೋಕು ಮಾಡದೆ, ಮಾಸಾಶನ ಮುಂದುವರಿಸಬೇಕೆಂದು ಬರೆದು ಸಹಿ ಹಾಕಿದರು. “ಎರಡು ವರ್ಷಕ್ಕೆ ಮತ್ತೆ ಬನ್ನಿ, ನಿಯಮ,” ಎಂದರಷ್ಟೆ.

ಮೆಟ್ಟಿಲಿಳಿಯುವಾಗ ಅವನು ಹೆಂಡತಿಗೆ ಗುಂಡಿಯ ವಿಷಯ ಹೇಳಿದ. ನಗುತ್ತಾಳೆಂದುಕೊಂಡಿದ್ದ. ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು.

“ಮನೇಲೂ ಹೀಗೇ, ಕಾಣದಿದ್ರೂ ಒತ್ತುತ್ತಿದ್ರಾ?”

ಅವನು ಮೆಟ್ಟಿಲ ಪಕ್ಕದ ಕಂಬಿಗಾಗಿ ಕೈಯಾಡಿಸಿದ.

“ಹೋದ ತಿಂಗಳು ಹಾಲಿನ ಪಾತ್ರೆ ಉರುಳಿಸಿದ್ದು ಬೆಕ್ಕಲ್ವಾ?”

“ನಮ್ಮ ಬೀದೀಲಿ ಬೆಕ್ಕೆಲ್ಲಿದೆಯೇ?”

“ಎಷ್ಟು ದಿನದಿಂದ?”

“ಒಂದು ವರ್ಷ ಆಗಿರ್ಬೇಕು.”

“ಕಚೇರಿಯವ್ರಿಗೆ ನಿಜ ಹೇಳೋಕೆ ಇಷ್ಟೆಲ್ಲ ಒದ್ದಾಡಿದ್ರಿ. ನಂಗೆ ಹೇಳೋಕೆ ಏನಾಗಿತ್ತು ನಿಮಗೆ?” ಅವಳ ದನಿ ಏರಿತು, ಮೆಟ್ಟಿಲು ಹತ್ತುತ್ತಿದ್ದವರು ತಿರುಗಿ ನೋಡಿದರು. “ಲಾಂಡ್ರಿ ಬಟ್ಟೆ ಮನೆಗೂ ತಂದು ಇಸ್ತ್ರಿ ಹಾಕ್ತೀನಿ ನಾನು. ಬಿಸಿ ಇಸ್ತ್ರಿಪೆಟ್ಟಿಗೇನ ನೆಲದ ಮೇಲಿಡ್ತೀನಿ!”

“ಗೊತ್ತು. ಅದಕ್ಕೇ ನೀನು ಇಸ್ತ್ರಿ ಮಾಡುವಾಗ ನಾನು ಹಿತ್ತಲಿಗೆ ಹೋಗೋದು.”

ಅವಳು ಒಂದು ಮೆಟ್ಟಿಲು ಇಳಿದಳು. ಅವನ ಎಡಗಡೆಗೆ ಬಂದು ಮೊಣಕೈ ಹಿಡಿದಳು. ಅವಳು ಬಂದದ್ದು ಅವನಿಗೆ ಕಾಣಲಿಲ್ಲ, ಬೆಚ್ಚಿದ. ಬೆಚ್ಚಿದ್ದನ್ನು ಈ ಸಲ ಮುಚ್ಚಿಡಲಿಲ್ಲ.

“ಇನ್ನೂ ಎಂಟು ಮೆಟ್ಟಿಲಿದೆ,” ಎಂದಳು ಅವಳು.