ಹೊಗೆ ಎದ್ದ ಮನೆಯ ಕಂದಾಯ

ಐರ್ಲೆಂಡಿನ ಕ್ಯಾಸಲ್‌ನಾಕಿನಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಇಂದ್ರಪದವಿ ಸಿಕ್ಕಂತೆ. ವನಜಾ, ಅವಳ ಗಂಡ ಶ್ರೀವತ್ಸ ನೋಡಲು ಹೋದ ಹಳೇ ಮನೆಯ ಮುಂದೆ ನಿಂತವರ ಸಾಲು ಡಬ್ಲಿನ್ ದಾಟಿ ಸಮುದ್ರದೊಳಕ್ಕೆ ಇಳಿದಿತ್ತು. ಅಷ್ಟು ಜನರಲ್ಲಿ ಮನೆ ದಕ್ಕಿದ್ದು ಇವರಿಗೇ.

ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಅತ್ತೆ ಸಾವಿತ್ರಮ್ಮ ಮೈಸೂರಿನಿಂದ ಬಂದರು. ಅವರು ತಂದ ಸಾಂಬ್ರಾಣಿಯ ಭಾರಕ್ಕೆ ವಿಮಾನ ದಾರಿಯುದ್ದಕ್ಕೂ ಒಂದೇ ಪಕ್ಕಕ್ಕೆ ವಾಲಿಕೊಂಡು ಹಾರಿತ್ತು. ಬಂದವರೇ, ನಡುಕೋಣೆಯ ಹಳೇ ಬೆಂಕಿಗೂಡಿಗೆ ಹೊಡೆದಿದ್ದ ಹಲಗೆಯನ್ನು ದೋಸೆ ಮಗುಚುವ ಕೈಯಿಂದ ಮೀಟತೊಡಗಿದರು.

"ಅತ್ತೆ, ಅದನ್ನ ತೆಗೀಬೇಡಿ ಅಂತ ಓನರ್ ಹೇಳಿದ್ದಾರೆ."

"ನಿಮ್ಮ ಓನರ್ ಎಷ್ಟು ಬಾಣಂತನ ಮಾಡಿದಾನೆ? ಕೆಂಡ ಇಲ್ದೆ ಮಗೂಗೆ ಹೊಗೆ ಎಲ್ಲಿಂದ ತರ್ಲಿ, ನಿನ್ನ ಲ್ಯಾಪ್‌ಟಾಪಿಂದಲಾ?"

ಹಲಗೆ ಕಿತ್ತು ಬಂತು. ನಾಮಕರಣದ ದಿನ ಸಾವಿತ್ರಮ್ಮ ಅಲ್ಲೇ ಕೆಂಡ ಮಾಡಿದರು. ಮಗುವಿಗೆ ಎಣ್ಣೆನೀರು ಎರೆದು, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿದರು. ಚಿಮಣಿಯಿಂದ ಎದ್ದ ಹೊಗೆ ದೇಶದ ಇನ್ನೊಂದು ತುದಿಯ ಗಾಲ್ವೇವರೆಗೂ ಕಂಡಿರಬೇಕು. ಇಳಿಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಉದ್ದ ಕೋಟು, ಅಗಲ ಟೊಪ್ಪಿ, ಹೆಗಲ ಮೇಲೆ ತೊಗಲ ಚೀಲ. ಅವನ ಜೊತೆಗೇ ಬಂದ ಚಳಿಗೆ ಬಾಗಿಲ ಚಿಲಕವೂ ಕಟಕಟ ಹಲ್ಲು ಕಡಿಯಿತು.

ಮಗು ನೋಡಲು ಬಂದ ನೆರೆಮನೆಯ ಹಿರಿಯರೆಂದುಕೊಂಡರು ಸಾವಿತ್ರಮ್ಮ. ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ಎಲೆ, ಅಡಿಕೆ, ತೆಂಗಿನಕಾಯಿ. ದಕ್ಷಿಣೆಗೆ ಲಕ್ಷ್ಮೀಪೂಜೆಯ ಡಬ್ಬಿಯಿಂದ ಅವರಜ್ಜಿ ಕಾಲದ ಬೆಳ್ಳಿ ರೂಪಾಯಿ. ನಾಣ್ಯದ ಮೇಲಿನ ಕಿರೀಟದ ತಲೆ ಕಂಡದ್ದೇ ಅವನು ಮಂಡಿಯೂರಿ ಅದನ್ನು ಹಣೆಗೊತ್ತಿಕೊಂಡ.

"ಈ ಮನೆ ಅರಸರ ಕಡೆ," ಎಂದ. "ಹೊಗೆ ಎದ್ದ ಮನೆ ಕಂದಾಯ ಕೊಡಬೇಕು."

ಅದು ಯಾವ ಕಾಲದ ಇಂಗ್ಲಿಷೋ, ವನಜಾಳಿಗೆ ಅರ್ಧವೂ ಹಿಡಿಯಲಿಲ್ಲ. ಇಂಗ್ಲಿಷೇ ಬಾರದ ಸಾವಿತ್ರಮ್ಮನಿಗೆ ಮಾತ್ರ ಒಂದೊಂದಕ್ಷರವೂ ತಿಳಿಯಿತು. "ಇವನು ನೆರೆಯೋನಲ್ಲ ಕಣೆ, ಕಂದಾಯ ವಸೂಲಿಯ ಅಮಲ್ದಾರ!"

ಅವನು ಒಳಬಂದು ಬೆಂಕಿಗೆ ಕೈಚಾಚಿ, ಶಾಖವನ್ನು ಉಣ್ಣೆ ಕಿತ್ತಂತೆ ಕಿತ್ತು ಚೀಲಕ್ಕೆ ತುರುಕಿದ. ಮರುದಿನವೂ ಬಂದ, ಅದರ ಮರುದಿನವೂ. ಬೆಂಕಿ ಹೊತ್ತಿಸಿದರೂ ಬಂದ, ಆರಿಸಿದರೂ ಬಂದ. ರೇಡಿಯೇಟರುಗಳ ಮೇಲೆ ಇಡ್ಲಿ ಬೇಯುವಷ್ಟು ಹೀಟಿಂಗ್ ಏರಿಸಿದರೂ ಮಗುವಿನ ಪಾದ ಮಂಜುಗಡ್ಡೆ. ಅಳುವ ದನಿ ದಿನದಿನಕ್ಕೂ ನೂಲಿನಂತೆ ಸಣ್ಣಗಾಯಿತು.

ಶ್ರೀವತ್ಸ ಆಸ್ಪತ್ರೆಯ ಡಾಕ್ಟರು; ಅವನು ಬರುವಷ್ಟರಲ್ಲಿ ಅಮಲ್ದಾರ ಹೋಗಿರುತ್ತಿದ್ದ. "ಎಲ್ಲ ಟೆಸ್ಟೂ ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ ವನಜಾ. ನಿಂಗೇ ನಿದ್ದೆ ಸಾಲ್ತಿಲ್ಲ," ಎಂದ. ಆದರೆ ಅವನೂ ಮಗುವಿನ ಕಾಲನ್ನು ಅಂಗೈಯಿಂದ ಬಿಡಲಿಲ್ಲ.

ಮಗುವಿನ ತುಟಿ ನೀಲಿಗಟ್ಟಿದ ದಿನ ವನಜಾ ಅಮಲ್ದಾರನಿಗೆ ಅಡ್ಡ ನಿಂತಳು. "ನನ್ನ ಮಗಳು ಸಾಯ್ತಾಳೆ! ಯಾರಿಗೋಸ್ಕರ ಇದೆಲ್ಲ?"

"ಅರಸರಿಗೂ ಪಾರ್ಲಿಮೆಂಟ್ ಸಭೆಗೂ ಯುದ್ಧ ನಡೆದಿದೆ," ಎಂದ, ಪಾಠ ಒಪ್ಪಿಸುವಂತೆ. ಈಗ ಅವನ ಮಾತು ಅವಳಿಗೂ ತಿಳಿಯತೊಡಗಿತ್ತು. "ವಸೂಲಿಯಾದದ್ದೆಲ್ಲ ಅರಸರ ಸ್ವಂತ ಕೈಗೇ ಸೇರಬೇಕು, ನಡುವೆ ಯಾರೂ ಮುಟ್ಟಕೂಡದು, ಇದು ಅವರ ಅಪ್ಪಣೆ. ನಾನೂ ಮುಟ್ಟಿಲ್ಲ." ಕೈ ಚಾಚಿದ. ಬೆರಳುಗಳು ಹಿಮಕ್ಕೆ ಸುಟ್ಟು ಇದ್ದಿಲಾಗಿದ್ದವು.

ಅವನು ಹೋದ ಮೇಲೆ ವನಜಾ ಹಾಲೂಡಿಸುತ್ತ ಆ ಯುದ್ಧದ ಬಗ್ಗೆ ಫೋನಿನಲ್ಲಿ ಹುಡುಕಿದಳು. ಮರುಸಂಜೆ ನೇರ ಹೇಳಿಬಿಟ್ಟಳು: "ನಿಮ್ಮ ಅರಸ ಇಲ್ಲ. ಆ ಸಭೆಯೋರೇ ಅವನ ತಲೆ ತೆಗೆಸಿದ್ರು. ನಾನೂರು ವರ್ಷ ಆಗ್ತಾ ಬಂತು."

"ಅಯ್ಯೋ, ಯಾಕೆ ಹೇಳ್ದೆ?" ಸಾವಿತ್ರಮ್ಮ ಪಿಸುಗುಟ್ಟಿದರು. "ಕೇಳೋರಿಲ್ಲದ ಅಮಲ್ದಾರ ಇನ್ನೂ ಕೆಟ್ಟೋನು!"

ಅವನು ಚೀಲವನ್ನು ಹೆಗಲಿಂದ ಇಳಿಸಿದ. "ಹಾಗಾದರೆ ಇದನ್ನೆಲ್ಲ ಯಾರಿಗೆ ಒಪ್ಪಿಸಲಿ?"

"ಯಾರ ಹತ್ರ ಕಿತ್ಕೊಂಡ್ರೋ ಅವರಿಗೇ ಕೊಡಿ."

"ಆ ಮನೆಗಳೆಲ್ಲಿವೆ? ರಸ್ತೆಯಾದವು. ನನಗೆ ಕಾಣುವ ಒಲೆ ಇದೊಂದೇ."

ಚೀಲದ ಕಟ್ಟು ಬಿಚ್ಚಿ ಬೆಂಕಿಗೂಡಿನ ಮುಂದೆ ಸುರಿದ. ನುಗ್ಗಿದ ಶಾಖಕ್ಕೆ ಪಕ್ಕದ ಫೀನಿಕ್ಸ್ ಪಾರ್ಕಿನ ಜಿಂಕೆಗಳೆಲ್ಲ ಬೆವೆತು ನೆರಳು ಹುಡುಕಿದವು. ಮಗುವಿನ ಪಾದ ಕೆಂಪೇರಿತು. ಖಾಲಿ ಚೀಲ ಮಡಚಿ ಅವನು ಹೊರಟುಹೋದ.

ಆಮೇಲೆ ಬೆಂಕಿಯ ಹಿಂದಿನಿಂದ ಒಂದು ಕೂಸು ಅತ್ತಿತು. ಅದರ ಹಿಂದೆ ಇನ್ನೊಂದು. ಶಾಖ ಕಿತ್ತ ಮನೆಗಳಲ್ಲಿ ಚಳಿಗೆ ಸತ್ತ ಕೂಸುಗಳು ಆ ಶಾಖದ ಜೊತೆಗೇ ಬಂದಿದ್ದವು, ಗೋಡೆಗೋಡೆಯಲ್ಲೂ. ಸಾವಿತ್ರಮ್ಮ ಗೋಡೆಗೆ ಕಿವಿಯಿಟ್ಟರು.

ಇದು ಬೇಡ, ವಾಪಸ್ ತಗೊಂಡು ಹೋಗಿ ಎಂದು ಕೂಗಲು ವನಜಾ ಬಾಗಿಲಿಗೆ ಓಡಿದಳು. ತೋಳಲ್ಲಿ ಮಗಳು ಬೆಚ್ಚಗೆ ನಿದ್ದೆ ಹೋಗಿದ್ದಳು. ವನಜಾ ಬಾಯಿ ಮುಚ್ಚಿದಳು, ಬಾಗಿಲನ್ನೂ ಮುಚ್ಚಿದಳು.

ಅಳು ಹತ್ತಿರ ಬಂದು ಅವಳನ್ನು ಸುತ್ತುವರಿಯಿತು. ಅವಳ ಎದೆ ಬಿಗಿಯಿತು, ಕುರ್ತಾ ಒದ್ದೆಯಾಯಿತು. ಕುಡಿಯಲು ಬಾಯಿಲ್ಲದ ಆ ಕೂಸುಗಳಿಗೆಲ್ಲ ಹಾಲು ತಾನಾಗಿಯೇ ಸುರಿಯುತ್ತಿತ್ತು.